ಹಸಿದರೂ ಉಣ್ಣದ ಬೆಕ್ಕು: ಚಾಣಕ್ಯಪುರಿಯ ಮನೆಯೊಂದರ ಅನುಭವ

ರಾಜಧಾನಿಯ ಕನ್ನಡಿಗರು ಒಂದೆಡೆ ಸೇರಿದಾಗ ಮಾತು ಸಾಮಾನ್ಯವಾಗಿ ಮಕ್ಕಳ ಓದು, ಗಂಡಂದಿರ ವರ್ಗಾವಣೆ, ಊರಿನ ಮಳೆ-ಬೆಳೆ ಇವುಗಳ ಸುತ್ತಲೇ ಸುತ್ತುತ್ತದೆ. ಮನೆಯ ಬೆಕ್ಕಿನ ಕಾಯಿಲೆ ಅಲ್ಲಿ ಚರ್ಚೆಗೆ ಬರುವ ವಿಷಯವಲ್ಲ. ಆದರೆ ಇತ್ತೀಚೆಗೆ ಸಂಘದ ಕಾರ್ಯಕ್ರಮವೊಂದರಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಪರಿಚಯದ ಮಹಿಳೆಯೊಬ್ಬರು, "ನಮ್ಮ ಬೆಕ್ಕು ತಟ್ಟೆಯ ಹತ್ತಿರ ಬರುತ್ತದೆ, ಮೂಸುತ್ತದೆ, ಬುಸ್ ಎಂದು ಹಿಂದಕ್ಕೆ ಓಡುತ್ತದೆ. ಏನಾಗಿರಬಹುದು?" ಎಂದು ಕೇಳಿದರು. ಆ ಪ್ರಶ್ನೆಯ ಉತ್ತರವನ್ನು ನಮ್ಮ ಮನೆ ಒಂದೂವರೆ ವರ್ಷ ಕಷ್ಟಪಟ್ಟು ಕಲಿತಿದೆ. ಬೇರೆಯವರಿಗಾದರೂ ಉಪಯೋಗವಾಗಲಿ ಎಂಬ ಉದ್ದೇಶದಿಂದ ಈ ಬರಹ.

ಚಾಣಕ್ಯಪುರಿಯ ನಮ್ಮ ಸರಕಾರಿ ಕ್ವಾರ್ಟರ್ಸಿಗೆ ಕೆಂಚ ಬಂದದ್ದು ಒಂದು ಜನವರಿಯ ಬೆಳಿಗ್ಗೆ. ದೆಹಲಿಯ ಚಳಿಗೆ ಬೀದಿ ಬೆಕ್ಕಿನ ಮರಿಗಳು ಬಿಸಿ ಹುಡುಕಿಕೊಂಡು ಕಾರಿನ ಬಾನೆಟ್ಟಿನೊಳಗೆ ಸೇರಿಕೊಳ್ಳುವುದು ಇಲ್ಲಿನವರಿಗೆ ಹೊಸತಲ್ಲ. ಕೌಟಿಲ್ಯ ಮಾರ್ಗದ ಕರ್ನಾಟಕ ಭವನದಲ್ಲಿ ಇಳಿದಿದ್ದ ಬಂಧುಗಳನ್ನು ಕರೆತರಲು ಹೊರಟ ನಮ್ಮ ಯಜಮಾನರು ಅಭ್ಯಾಸಬಲದಿಂದ ಬಾನೆಟ್ ತಟ್ಟಿದರು. ಒಳಗಿನಿಂದ ಸಣ್ಣ ದನಿ ಕೇಳಿಸಿತು. ತೆಗೆದು ನೋಡಿದರೆ ಎಣ್ಣೆ ಮೆತ್ತಿಕೊಂಡ, ಎರಡು ತಿಂಗಳು ತುಂಬಿರಬಹುದಾದ ಕೆಂಬಣ್ಣದ ಮರಿ. ಬಣ್ಣ ನೋಡಿ ಮಗಳು ಕೆಂಚ ಎಂದು ಹೆಸರಿಟ್ಟಳು. ಅಂದು ಬಂದ ಬಂಧುಗಳು ಮೂರು ದಿನಕ್ಕೆ ಹೊರಟುಹೋದರು, ಕೆಂಚ ಉಳಿದುಕೊಂಡ.

ಕೆಂಪು ಗೆರೆಯಿಂದ ಆರಂಭ

ಜೂನ್ ತಿಂಗಳಲ್ಲಿ, ಅಂದರೆ ಮರಿಗೆ ಏಳು ತಿಂಗಳಾಗಿದ್ದಾಗ, ಆಕಳಿಸುವಾಗ ಅದರ ವಸಡಿನ ಅಂಚಿನಲ್ಲಿ ಕುಂಕುಮದ ಗೆರೆ ಎಳೆದಂತೆ ಕೆಂಪು ಕಾಣಿಸಿತು. ಬಾಯಿಯಿಂದ ವಾಸನೆಯೂ ಇತ್ತು. ಬೆಕ್ಕಿನ ಮರಿಗೆ 26 ಹಾಲುಹಲ್ಲುಗಳು. ಮೂರು ತಿಂಗಳ ನಂತರ ಅವು ಒಂದೊಂದಾಗಿ ಬಿದ್ದು, ಆರೇಳು ತಿಂಗಳ ಹೊತ್ತಿಗೆ 30 ಶಾಶ್ವತ ಹಲ್ಲುಗಳು ಬಂದಿರುತ್ತವೆ. "ಹಲ್ಲು ಬರುವಾಗ ಮಕ್ಕಳಿಗೂ ವಸಡು ಊದುವುದಿಲ್ಲವೆ?" ಎಂದು ನಾವು ಸುಮ್ಮನಾದೆವು. ಅದು ನಮ್ಮ ಮೊದಲ ತಪ್ಪು.

ಎಳೆಯ ಬೆಕ್ಕುಗಳಲ್ಲಿ ಶಾಶ್ವತ ಹಲ್ಲು ಮೂಡುವ ಹೊತ್ತಿಗೇ ಕಾಣಿಸಿಕೊಳ್ಳುವ ವಸಡಿನ ಉರಿಯೂತ ಒಂದುಂಟು. ಸಯಾಮೀಸ್, ಪರ್ಷಿಯನ್, ಮೈನ್ ಕೂನ್, ಅಬಿಸೀನಿಯನ್ ಮುಂತಾದ ತಳಿಗಳಲ್ಲಿ ಹೆಚ್ಚಾಗಿ ಕಂಡರೂ ಬೀದಿ ಬೆಕ್ಕುಗಳಿಗೂ ಬರುತ್ತದೆ. ಹಲ್ಲಿನ ಮೇಲೆ ಕೂಡುವ ಸಣ್ಣ ಪದರಕ್ಕೂ ವಸಡು ಅತಿಯಾಗಿ ಕೆರಳುವುದು ಇದರ ಲಕ್ಷಣ. ಈ ಹಂತದಲ್ಲೇ ಪಶುವೈದ್ಯರಿಂದ ಹಲ್ಲು ಶುಚಿ ಮಾಡಿಸಿ, ಮನೆಯಲ್ಲಿ ದಿನವೂ ಬ್ರಷ್ ಹಾಕಿ, ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುತ್ತ ಬಂದರೆ ಹಲವು ಬೆಕ್ಕುಗಳಲ್ಲಿ ಎರಡು ವರ್ಷ ತುಂಬುವ ವೇಳೆಗೆ ಇದು ತಣ್ಣಗಾಗುತ್ತದೆ. ಕೈಬಿಟ್ಟರೆ ಹಲ್ಲಿನ ಸುತ್ತಲ ಎಲುಬು ಸವೆಯುತ್ತದೆ.

ಇದಕ್ಕಿಂತ ಉಗ್ರವಾದದ್ದು ಸ್ಟೊಮಟೈಟಿಸ್. ಇದರಲ್ಲಿ ಕೆಂಪು ವಸಡಿಗೆ ನಿಲ್ಲುವುದಿಲ್ಲ. ದವಡೆಯ ಹಿಂಭಾಗಕ್ಕೆ, ಗಂಟಲಿನ ಬಾಗಿಲಿನ ಎರಡೂ ಪಕ್ಕದ ಮಡಿಕೆಗಳಿಗೆ ಹಬ್ಬಿ ಹಸಿ ಹುಣ್ಣಾಗುತ್ತದೆ, ಮುಟ್ಟಿದರೆ ರಕ್ತ ಒಸರುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಬಾಯಿಯ ಪೊರೆಯಲ್ಲಿ ಗುಂಪುಗೂಡಿ ಬೇನೆಯನ್ನು ಆರದಂತೆ ಇಡುತ್ತವೆ. ಕಳ್ಳ ಹೋದ ಮೇಲೂ ಕಾವಲುಗಾರ ಮನೆಯವರನ್ನೇ ಬಡಿಯುತ್ತ ನಿಂತಂತೆ ಎಂದರೆ ತಪ್ಪಾಗಲಾರದು.

ಕಾವಲುಗಾರನನ್ನು ಕೆರಳಿಸುವುದು ಯಾವುದು? ಒಂದೇ ಕಾರಣ ಎಂದು ಬೆರಳು ಮಾಡಲಾಗದು. ಆದರೆ ಬೆಕ್ಕಿನ ನೆಗಡಿಗೆ ಕಾರಣವಾಗುವ ಕ್ಯಾಲಿಸಿ ವೈರಸ್ ಇಂಥ ಬಹುಪಾಲು ಬೆಕ್ಕುಗಳ ಬಾಯಲ್ಲಿ ಸಿಗುತ್ತದೆ. ಹಲ್ಲಿನ ಪದರದ ಬ್ಯಾಕ್ಟೀರಿಯಾಗಳೂ ಬೆಂಕಿಗೆ ತುಪ್ಪ ಸುರಿಯುತ್ತವೆ. ಒಂದೇ ಮನೆಯಲ್ಲಿ ಹಲವು ಬೆಕ್ಕುಗಳಿದ್ದರೆ ಬೇನೆಯ ಸಂಭವ ಹೆಚ್ಚು ಎಂಬುದನ್ನು ಅಧ್ಯಯನಗಳು ತೋರಿಸಿವೆ. ರೋಗನಿರೋಧಕ ಶಕ್ತಿಯನ್ನೇ ಕುಂದಿಸುವ ಎರಡು ವೈರಸ್‌ಗಳನ್ನೂ ವೈದ್ಯರು ರಕ್ತ ಪರೀಕ್ಷೆಯಲ್ಲಿ ಹುಡುಕುತ್ತಾರೆ. ಒಂದು ಬೆಕ್ಕಿನ ಲ್ಯುಕೇಮಿಯ ವೈರಸ್, 1964ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ ಅವರು ಕಂಡುಹಿಡಿದದ್ದು. ಇನ್ನೊಂದು ಎಫ್ಐವಿ, 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಕಿಗೆ ಬಂದದ್ದು. ಇವು ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತವೆಯೇ ಹೊರತು ಮನುಷ್ಯರಿಗೆ ಬರುವುದಿಲ್ಲ.

ಸೂಜಿಯ ಸುಖ

ಆಗಸ್ಟ್ ವೇಳೆಗೆ ಕೆಂಚ ಒಣ ಆಹಾರವನ್ನು ಅಗಿಯದೆ ನುಂಗತೊಡಗಿದ. ನಾವು ಹೋದ ಖಾಸಗಿ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ನೋಡುವ ಮೊದಲೇ ಒಂದು ಇಂಜೆಕ್ಷನ್ ಕೊಟ್ಟರು. ಮರುದಿನ ಬೆಕ್ಕು ಹೊಸದಾಗಿ ಹುಟ್ಟಿದಂತೆ ಓಡಾಡಿತು, ನಮಗೆ ಆನಂದವೋ ಆನಂದ. ಮೂರು ವಾರಕ್ಕೆ ಬೇನೆ ಮರಳಿತು. ಮತ್ತೆ ಸೂಜಿ, ಮತ್ತೆ ಮೂರು ವಾರ. ಹೀಗೆ ನಾಲ್ಕು ಸಲ ನಡೆಯಿತು.

ಅದು ದೀರ್ಘಕಾಲ ಕೆಲಸ ಮಾಡುವ ಸ್ಟಿರಾಯ್ಡ್ ಎಂದು ನಮಗೆ ತಿಳಿದದ್ದು ನಂತರ. ಸ್ಟಿರಾಯ್ಡ್ ಉರಿಯೂತವನ್ನು ತಗ್ಗಿಸುವುದು ನಿಜ, ತೀರಾ ಉಣ್ಣದ ಬೆಕ್ಕಿಗೆ ಅದು ಬೇಕಾಗುವುದೂ ಉಂಟು. ಆದರೆ ಮೂಲವನ್ನು ಹುಡುಕದೆ ಮತ್ತೆ ಮತ್ತೆ ಕೊಟ್ಟರೆ ಪ್ರತಿ ಸಲವೂ ಫಲ ಕಡಿಮೆಯಾಗುತ್ತ ಬರುತ್ತದೆ, ಬೆಕ್ಕಿಗೆ ಮಧುಮೇಹ ಬರುವ ಅಪಾಯವೂ ಇದೆ. ಆಂಟಿಬಯೋಟಿಕ್‌ಗಳ ಕಥೆಯೂ ಹೀಗೆಯೇ, ಕೊಡುವಷ್ಟು ದಿನ ಸಮಾಧಾನ, ನಿಲ್ಲಿಸಿದರೆ ಮೊದಲಿನಂತೆ. ದೂರುವುದಾದರೆ ನಮ್ಮನ್ನೂ ದೂರಬೇಕು. "ಇದು ಏನು ಔಷಧ? ಎಷ್ಟು ಸಲ ಕೊಡಬಹುದು? ಮುಂದೇನು?" ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಲೇ ಇಲ್ಲ.

ಲವಂಗದ ಎಣ್ಣೆಯ ಅವಾಂತರ

ಇನ್ನೊಂದು ತಪ್ಪು ಪೂರ್ತಿಯಾಗಿ ನನ್ನದೇ. ದೀಪಾವಳಿಯ ಹಿಂದುಮುಂದು ಕೆಂಚನ ಜೊಲ್ಲು ಸುರಿದು ಮುಂಗಾಲಿನ ಕೂದಲು ಕಂದಾಗಿ ಅಂಟಿಕೊಂಡಿತ್ತು. ನಮ್ಮ ಮನೆಗಳಲ್ಲಿ ಹಲ್ಲುನೋವಿಗೆ ಲವಂಗದ ಎಣ್ಣೆಯೇ ಮದ್ದು. ಹತ್ತಿಯಲ್ಲಿ ಅದ್ದಿ ಎರಡು ದಿನ ವಸಡಿಗೆ ಸವರಿದೆ. ಬೆಕ್ಕು ನೊರೆ ಕಾರುತ್ತ ದಿವಾನದ ಕೆಳಗೆ ಸೇರಿಕೊಂಡದ್ದು ಮಾರನೆಯ ಸಂಜೆಯವರೆಗೆ ಹೊರಗೆ ಬರಲಿಲ್ಲ.

ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಸುಲಭವಾಗಿ ಕರಗಿಸಿ ಹೊರಹಾಕುವ ಹಲವು ವಸ್ತುಗಳನ್ನು ಬೆಕ್ಕಿನ ಯಕೃತ್ತು ಹೊರಹಾಕಲಾರದು. ಆದ್ದರಿಂದಲೇ ನಾವು ಜ್ವರಕ್ಕೆ ನುಂಗುವ 500 ಮಿಲಿಗ್ರಾಂನ ಒಂದೇ ಒಂದು ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್, ಬಾಯಿಹುಣ್ಣಿನ ಮುಲಾಮು, ಟೂತ್‌ಪೇಸ್ಟ್ ಯಾವುದನ್ನೂ ಬೆಕ್ಕಿನ ಬಾಯಿಗೆ ಹಾಕಕೂಡದು. ಓದುಗರು ಈ ಬರಹದಿಂದ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಲಿ ಎಂಬುದು ನನ್ನ ಕಳಕಳಿಯ ವಿನಂತಿ.

ಜೊಲ್ಲು ಸುರಿಸುವ ಬೆಕ್ಕಿನ ಬಗ್ಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ರೇಬೀಸ್‌ನಲ್ಲೂ ಜೊಲ್ಲು ಸುರಿಯುತ್ತದೆ. ಚುಚ್ಚುಮದ್ದು ಹಾಕಿಸದ, ಹೊರಗೆ ಅಲೆಯುವ ಬೆಕ್ಕಿನ ಬಾಯಿಗೆ ಬರಿಗೈ ಹಾಕಬಾರದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು.

ಬಾಯಿ ತೆರೆದು ನೋಡಿದ ವೈದ್ಯರು

ನವೆಂಬರಿನಲ್ಲಿ ಕೆಂಚ ಎರಡು ದಿನ ಏನನ್ನೂ ತಿನ್ನಲಿಲ್ಲ. ಹಸಿವಿರಲಿಲ್ಲ ಎಂದಲ್ಲ. ತಟ್ಟೆಯ ಸದ್ದಾದರೆ ಓಡಿ ಬರುತ್ತಿದ್ದ, ಒಂದು ತುತ್ತು ಬಾಯಿಗಿಟ್ಟರೆ ಚೀರಿ, ತಟ್ಟೆಯೇ ಕಚ್ಚಿತೆಂಬಂತೆ ಅದಕ್ಕೇ ಪಂಜ ಬೀಸಿ ಓಡುತ್ತಿದ್ದ. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸವಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಸೇರಿ ಪ್ರಾಣಕ್ಕೇ ಸಂಚಕಾರ ಬರಬಹುದು. ನಾಯಿಯಂತೆ ಅದಕ್ಕೆ ಲಂಘನ ಮಾಡಿಸುವಂತಿಲ್ಲ.

ಸ್ನೇಹಿತರು ಹೇಳಿದ ಇನ್ನೊಬ್ಬ ಪಶುವೈದ್ಯೆಯ ಬಳಿಗೆ ಹೋದೆವು. ಅವರು ಮೊದಲು ನೋವು ತಗ್ಗಿಸುವ ಔಷಧ ಕೊಟ್ಟು, ನಂತರ ಅರಿವಳಿಕೆಯಲ್ಲಿ ಬಾಯಿಯನ್ನು ಪೂರ್ತಿ ಪರೀಕ್ಷಿಸಿ, ಹಲ್ಲುಗಳ ಎಕ್ಸ್-ರೇ ತೆಗೆದರು. ಎರಡು ವೈರಸ್‌ಗಳ ರಕ್ತ ಪರೀಕ್ಷೆ ಮಾಡಿಸಿದರು. ಅದೃಷ್ಟವಶಾತ್ ಎರಡೂ ಇರಲಿಲ್ಲ. ಬಾಯಿಯ ಹುಣ್ಣೆಲ್ಲ ಒಂದೇ ಬಗೆಯದಲ್ಲ ಎಂದು ಅವರು ತಿಳಿಸಿಕೊಟ್ಟರು. ಮೇಲ್ದುಟಿಯಲ್ಲಿ ಮಾತ್ರ ಹುಣ್ಣಾಗಿದ್ದರೆ ಅದು ಚಿಗಟ ಅಥವಾ ಆಹಾರದ ಅಲರ್ಜಿಗೆ ಸಂಬಂಧಿಸಿದ್ದಿರಬಹುದು, ಅಲ್ಲಿ ಚಿಗಟ ನಿಯಂತ್ರಣ ಮತ್ತು ಆಹಾರ ಬದಲಾವಣೆಯಿಂದಲೇ ಗುಣವಾಗುವ ಸಂಭವವಿದೆ. ಮೂತ್ರಪಿಂಡದ ಕಾಯಿಲೆಯಲ್ಲೂ ಬಾಯಿ ಹುಣ್ಣಾಗುತ್ತದೆ. ಒಂದೇ ಪಕ್ಕದಲ್ಲಿ ಗಂಟಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು. ಕೆಂಚನದು ಎರಡೂ ಪಕ್ಕ, ಗಂಟಲವರೆಗೆ ಹಬ್ಬಿದ ಸ್ಟೊಮಟೈಟಿಸ್ ಎಂದು ಖಚಿತವಾಯಿತು.

ಹಲ್ಲು ಶುಚಿ ಮಾಡಿ, ಆರು ವಾರ ಔಷಧ ಕೊಟ್ಟು ನೋಡಿದರು. ಸ್ವಲ್ಪ ಇಳಿಯಿತು, ಆರಲಿಲ್ಲ. ಆಗ ಅವರು ಹೇಳಿದ ಮಾತು ಕೇಳಿ ನಾವು ದಂಗಾದೆವು: "ದವಡೆಯ ಹಲ್ಲುಗಳನ್ನೆಲ್ಲ ತೆಗೆಯಬೇಕು."

ಹಲ್ಲಿಲ್ಲದೆ ಬದುಕೀತೆ?

ಒಂದು ವರ್ಷ ಎರಡು ತಿಂಗಳ ಬೆಕ್ಕು. ಬೀದಿಯಿಂದ ಬಂದದ್ದು. ಹಲ್ಲು ಕಿತ್ತರೆ ಅದು ಬೆಕ್ಕಾಗಿ ಉಳಿದೀತೆ? ವರ್ಗಾವಣೆಯಾದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಬಂಧುಗಳೊಬ್ಬರು ಫೋನಿನಲ್ಲಿ, "ಇಷ್ಟೆಲ್ಲ ಹಿಂಸೆ ಯಾಕೆ, ನಿದ್ದೆಯ ಸೂಜಿ ಕೊಡಿಸಿಬಿಡಿ" ಎಂದರು. ಮಗಳು ಎರಡು ದಿನ ಮಾತಾಡಲಿಲ್ಲ.

ವೈದ್ಯೆ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟರು. 2015ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಹಲ್ಲು ತೆಗೆಸಿದ 95 ಬೆಕ್ಕುಗಳನ್ನು ಗಮನಿಸಲಾಗಿತ್ತು. ಅವುಗಳಲ್ಲಿ ಶೇ. 28ರಷ್ಟು ಪೂರ್ತಿ ಗುಣವಾದವು, ಶೇ. 39ರಷ್ಟು ಬಹುಮಟ್ಟಿಗೆ ಸುಧಾರಿಸಿದವು. ಶೇ. 26ರಷ್ಟು ಬೆಕ್ಕುಗಳಿಗೆ ಅಲ್ಪ ಸುಧಾರಣೆ, ಶೇ. 6ರಷ್ಟಕ್ಕೆ ಏನೂ ಪ್ರಯೋಜನವಾಗಲಿಲ್ಲ. ಸುಧಾರಿಸಿದವುಗಳಲ್ಲೂ ಹಲವಕ್ಕೆ ಶಸ್ತ್ರಚಿಕಿತ್ಸೆಯ ನಂತರ ಕೆಲಕಾಲ ಔಷಧ ಬೇಕಾಯಿತು. ದವಡೆಯ ಹಲ್ಲುಗಳನ್ನಷ್ಟೇ ತೆಗೆಸಿದವು ಮತ್ತು ಎಲ್ಲ ಹಲ್ಲು ತೆಗೆಸಿದವುಗಳ ನಡುವೆ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೂರರಲ್ಲಿ ಎರಡು ಪಾಲು ಭರವಸೆ, ಒಂದು ಪಾಲು ಅನುಮಾನ.

ಹಲ್ಲು ತೆಗೆಯುವುದೇಕೆ ಎಂಬುದಕ್ಕೂ ಉತ್ತರ ಸರಳ. ಪದರ ಕೂರಲು ಹಲ್ಲಿನ ಮೇಲ್ಮೈಯೇ ಇಲ್ಲದಿದ್ದರೆ ಕೆರಳಿಸುವ ವಸ್ತು ಕಡಿಮೆಯಾಗುತ್ತದೆ, ಕಾವಲುಗಾರ ಕ್ರಮೇಣ ಶಾಂತನಾಗುತ್ತಾನೆ. ಆದರೆ ಬೇರಿನ ಚೂರು ಒಳಗುಳಿದರೆ ಮಾಡಿದ್ದೆಲ್ಲ ವ್ಯರ್ಥ. ಆದ್ದರಿಂದ ಹಲ್ಲಿನ ಎಕ್ಸ್-ರೇ ಇರುವ ಕಡೆಯಲ್ಲೇ ಇದನ್ನು ಮಾಡಿಸಬೇಕು, ಮುಗಿದ ಮೇಲೆ ಇನ್ನೊಮ್ಮೆ ಎಕ್ಸ್-ರೇ ತೆಗೆದು ನೋಡಬೇಕು.

ಕೊನೆಗೆ ತೀರ್ಮಾನ ಕೊಟ್ಟವರು ನಮ್ಮ ಅತ್ತೆಯವರು. ಶಿವಮೊಗ್ಗದಿಂದ ಬಂದು ದೆಹಲಿಯ ಚಳಿಗೆ ಶಾಲು ಹೊದ್ದು ಕೂತಿದ್ದ ಅವರು ದಂತಪಂಕ್ತಿಯನ್ನು ನೀರಿನ ಲೋಟದಲ್ಲಿಟ್ಟು ಹೇಳಿದರು, "ನನ್ನ ಬಾಯಲ್ಲಿ ಹತ್ತು ವರ್ಷದಿಂದ ಒಂದು ಹಲ್ಲಿಲ್ಲ. ನಾನು ಉಣ್ಣುತ್ತಿಲ್ಲವೆ? ಅದಕ್ಕೆ ನೋವಿಲ್ಲದೆ ಉಣ್ಣಲು ಬಿಡಿ." ಮರುದಿನ ನಾವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು.

ಮೊಸರನ್ನದ ಮನೆಯಲ್ಲಿ ಮೀನು

ಶಸ್ತ್ರಚಿಕಿತ್ಸೆಗೆ ಅರ್ಧ ದಿನ ಹಿಡಿಯಿತು. ಮುಂದಿನ ಕೋರೆಹಲ್ಲು ನಾಲ್ಕನ್ನೂ ಸಣ್ಣ ಮುಂಬಲ್ಲುಗಳನ್ನೂ ಉಳಿಸಿ ದವಡೆಯ ಹಲ್ಲುಗಳನ್ನೆಲ್ಲ ತೆಗೆದು, ಕರಗುವ ದಾರದಿಂದ ಹೊಲಿದರು. ಹಲವು ದಿನ ನೋವಿನ ಔಷಧವನ್ನು ತಪ್ಪದೆ ಕೊಡಬೇಕಾಯಿತು. ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಪಟ್ಟಿಯೊಂದಿಗೆ ಬಾಗಿಲುಗಳಿಗೆಲ್ಲ ಡಿಕ್ಕಿ ಹೊಡೆಯುತ್ತಿದ್ದ ಕೆಂಚ ಮೂರನೆಯ ದಿನ ಮೆತ್ತಗಿನ ಆಹಾರವನ್ನು ನೆಕ್ಕಿದ. ಅತ್ತೆಯವರು ಮಗಳನ್ನು ಕರೆದು ತೋರಿಸಿದರು.

ಆಹಾರದ ವಿಷಯದಲ್ಲಿ ನಮ್ಮಂಥ ಸಸ್ಯಾಹಾರಿ ಮನೆಗಳು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಬೆಕ್ಕು ಮಾಂಸಾಹಾರಿ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಮೊಸರನ್ನದಲ್ಲಿ ಸಾಲದು. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ದುರ್ಬಲವಾಗುತ್ತದೆ ಎಂಬುದು 1987ರಲ್ಲೇ ಸಾಬೀತಾಗಿದೆ. ಬಾಯಿ ನೋಯುವ ಬೆಕ್ಕಿಗೆ ಬೆಕ್ಕಿನದೇ ಮೆತ್ತಗಿನ ಪೊಟ್ಟಣದ ಆಹಾರವನ್ನು ಉಗುರುಬೆಚ್ಚಗೆ ಮಾಡಿ, ಗಂಜಿಯಂತೆ ಕದಡಿ, ಅಗಲವಾದ ತಟ್ಟೆಯಲ್ಲಿ ಕೊಡುವುದು ಸೂಕ್ತ. ಐಎನ್ಎ ಮಾರುಕಟ್ಟೆಯಿಂದ ತಂದ ಮೀನನ್ನು ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಹಿಸುಕಿ ನಡುನಡುವೆ ಕೊಟ್ಟೆವು. ಅದಕ್ಕೊಂದು ಬೇರೆ ಪಾತ್ರೆ, ಬಾಲ್ಕನಿಯಲ್ಲಿ ಬೇರೆ ಒಲೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಮಾತ್ರ ಕೊಡಬಾರದು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಆರು ವಾರದಲ್ಲಿ ಕೆಂಪು ಅರ್ಧಕ್ಕಿಳಿಯಿತು, ನಾಲ್ಕನೆಯ ತಿಂಗಳಿಗೆ ಗಂಟಲ ಬಳಿ ಸಣ್ಣ ಗುಲಾಬಿ ಕಲೆ ಮಾತ್ರ ಉಳಿಯಿತು. ಎರಡೂವರೆ ಕಿಲೋಗೆ ಇಳಿದಿದ್ದ ತೂಕ ಈಗ ನಾಲ್ಕು ಕಿಲೋ ದಾಟಿದೆ. ಪೂರ್ತಿ ಗುಣವಾಯಿತೆ ಎಂದರೆ ಇಲ್ಲ. ಚಳಿಗಾಲದಲ್ಲಿ ಒಮ್ಮೆ ಬೇನೆ ಕೆರಳಿ ಹದಿನೈದು ದಿನ ಔಷಧ ಕೊಡಬೇಕಾಯಿತು. ಹಲ್ಲು ತೆಗೆದರೂ ಆರದ ಬೆಕ್ಕುಗಳಿಗೆ ಸೈಕ್ಲೋಸ್ಪೋರಿನ್, ಇಂಟರ್‌ಫೆರಾನ್ ಮುಂತಾದ ಔಷಧಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಬೆಕ್ಕಿನ ಸ್ವಂತ ಕೊಬ್ಬಿನಿಂದ ಪಡೆದ ಕಾಂಡಕೋಶಗಳನ್ನು ಬಳಸಿ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಏಳು ಬೆಕ್ಕುಗಳಲ್ಲಿ ಐದಕ್ಕೆ ಪ್ರಯೋಜನವಾಗಿತ್ತು. ಇವೆಲ್ಲ ವೈದ್ಯರು ನಿರ್ಧರಿಸಬೇಕಾದ ವಿಷಯಗಳು.

ನಮ್ಮಿಂದ ಆಗಬೇಕಾದದ್ದು

ಮರಿ ಮನೆಗೆ ಬಂದಾಗಲೇ ಕ್ಯಾಲಿಸಿ ವೈರಸ್ ಸೇರಿದಂತೆ ಮೂರು ರೋಗಗಳ ಲಸಿಕೆಯನ್ನೂ ರೇಬೀಸ್ ಲಸಿಕೆಯನ್ನೂ ಹಾಕಿಸಬೇಕು. ಕ್ಯಾಲಿಸಿ ಲಸಿಕೆ ಸೋಂಕನ್ನು ಪೂರ್ತಿ ತಡೆಯದಿದ್ದರೂ ಅದರ ಉಗ್ರತೆಯನ್ನು ತಗ್ಗಿಸುತ್ತದೆ. ಒಂದಕ್ಕಿಂತ ಹೆಚ್ಚು ಬೆಕ್ಕುಗಳಿದ್ದರೆ ನೀರು, ಊಟದ ತಟ್ಟೆಗಳನ್ನು ಬೇರೆ ಬೇರೆ ಇಡಬೇಕು. ಕ್ಯಾಲಿಸಿ ವೈರಸ್ ಒಣ ಜಾಗದಲ್ಲಿ ವಾರಗಟ್ಟಲೆ ಉಳಿಯಬಲ್ಲದು. ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ ತಟ್ಟೆ, ನೆಲಗಳನ್ನು ಒರೆಸಿ, ಚೆನ್ನಾಗಿ ತೊಳೆದು ಒಣಗಿಸಬೇಕು. ವಾರಕ್ಕೊಮ್ಮೆ ತುಟಿಯನ್ನು ಮೆಲ್ಲಗೆ ಎತ್ತಿ ವಸಡು ನೋಡುವುದನ್ನು ಮರಿಯಿದ್ದಾಗಲೇ ಅಭ್ಯಾಸ ಮಾಡಿಸಬೇಕು. ವಸಡು ಆರೋಗ್ಯವಾಗಿರುವಾಗ ಬೆಕ್ಕಿನದೇ ಪೇಸ್ಟಿನಿಂದ ಬ್ರಷ್ ಹಾಕಬಹುದು, ಹುಣ್ಣಿರುವಾಗ ಬಲವಂತ ಕೂಡದು.

ಚಾಣಕ್ಯಪುರಿಯ ಆಸುಪಾಸಿನವರಿಗೆ ಮೋತಿ ಬಾಗ್‌ನಲ್ಲಿ ಪಶು ಆಸ್ಪತ್ರೆ ಇದೆ. ಡಿಫೆನ್ಸ್ ಕಾಲೊನಿಯ ಫ್ರೆಂಡಿಕೋಸ್, ರಾಜಾ ಗಾರ್ಡನ್ನಿನ ಸಂಜಯ್ ಗಾಂಧಿ ಪ್ರಾಣಿ ಆರೈಕೆ ಕೇಂದ್ರ ದಶಕಗಳಿಂದ ಕೆಲಸ ಮಾಡುತ್ತಿವೆ. ಮೊದಲ ಪರೀಕ್ಷೆಗೆ ಎಲ್ಲಿಗೇ ಹೋಗಲಿ, ಹಲ್ಲಿನ ಎಕ್ಸ್-ರೇ ಸೌಲಭ್ಯ ಎಲ್ಲಿದೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಊರಿಗೆ ಮರಳುವವರಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ನಮ್ಮ ಸಂಘಗಳು ರಕ್ತದಾನ, ನೇತ್ರ ತಪಾಸಣೆಯ ಶಿಬಿರಗಳನ್ನು ಮಾಡುತ್ತ ಬಂದಿವೆ. ವರ್ಷಕ್ಕೊಂದು ಭಾನುವಾರ ಕನ್ನಡ ಬಲ್ಲ ಪಶುವೈದ್ಯರೊಬ್ಬರನ್ನು ಕರೆಸಿ ಸಾಕುಪ್ರಾಣಿಗಳ ಬಗ್ಗೆ ಮಾತಾಡಿಸಿದರೆ ಖರ್ಚು ಹೆಚ್ಚೇನೂ ಆಗದು. ಭಾಷೆ ತಿಳಿಯದ ಊರಿನಲ್ಲಿ ವೈದ್ಯರೆದುರು ಪ್ರಶ್ನೆ ಕೇಳಲು ಅಂಜುವ ನಮ್ಮ ಹಿರಿಯರಿಗೂ ಮಕ್ಕಳಿಗೂ ಅದರಿಂದ ಪ್ರಯೋಜನವಾದೀತು. ಪದಾಧಿಕಾರಿಗಳು ಈ ಬಗ್ಗೆ ಆಲೋಚಿಸಬೇಕಾಗಿ ವಿನಂತಿ.

ಊಟದ ಸಾಲಿನಲ್ಲಿ ಸಿಕ್ಕಿದ ಆ ಮಹಿಳೆ ಮೊನ್ನೆ ಫೋನ್ ಮಾಡಿದ್ದರು. ಅವರ ಬೆಕ್ಕಿಗೆ ಒಂಬತ್ತು ತಿಂಗಳು. ಕೆಂಪು ಇನ್ನೂ ವಸಡಿನಲ್ಲೇ ಇದೆ, ಹಿಂದಕ್ಕೆ ಹಬ್ಬಿಲ್ಲವಂತೆ. ಹಲ್ಲು ಶುಚಿ ಮಾಡಿಸಲು ದಿನ ಗೊತ್ತುಪಡಿಸಿಕೊಂಡು ಬಂದಿದ್ದಾರೆ. ಕೆಂಚನಿಗೆ ಸಿಗದ ಆ ಅವಕಾಶ ಅದಕ್ಕೆ ಸಿಕ್ಕಿದೆ ಎಂಬುದೇ ನಮಗೆ ಸಮಾಧಾನ.